ಮಾಲಕನ ಪರೀಕ್ಷೆ

ಘೋಣಸಗಿ
೪ ಫೆಬ್ರುವರಿ ೨೦೨೪

ಶೈಲಶ್ರೀ,

ಆಶೀರ್ವಾದ ಅಂತ ಬರೆದು ಪತ್ರ ಶುರು ಮಾಡಬೇಕಂತೆ. ನನಗೆ ಸದ್ಯಕ್ಕೆ ಆಶೀರ್ವಾದ ಮಾಡುವ ಮನಸ್ಸಿಲ್ಲ, ಅದಕ್ಕೆ ಬರೆದಿಲ್ಲ. ನೀನು ನನ್ನ ಫೋನು, ನನ್ನ ಮಗನ ಫೋನು, ನಮ್ಮ ಓಣಿಯವರ ಫೋನು ಎಲ್ಲ ಬಂದ್ ಮಾಡಿ ತವರಿನಲ್ಲಿ ಕೂತಿದ್ದೀಯ. ನಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಮಾಸ್ತರ ಕಿವಿ ಹಿಂಡಿದ, ನಾನು ಅವನ ತೋಳು ಕಚ್ಚಿದೆ, ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಅಂಥವಳ ಕಡೆಯಿಂದ ಪತ್ರ ಬರೆಸಿದ ಪುಣ್ಯ ನಿನ್ನದು.

ನಿನ್ನೆ ಸಿದ್ದರಾಮ ಬಂದಿದ್ದ. ಜಲನಗರದ ಮನೆಗೆ ಬೀಗ ಹಾಕಿ ಆಫೀಸಿಗೆ ಹೋಗುತ್ತಾನಂತೆ, ಸಂಜೆ ಬಂದು ತಾನೇ ಅನ್ನ ಕುದಿಸಿಕೊಳ್ಳುತ್ತಾನಂತೆ. ಹೆಂಡತಿ ಇದ್ದೂ ಅನ್ನ ಕುದಿಸುವ ಮಗನನ್ನು ನೋಡಿದ ತಾಯಿಯ ಹೊಟ್ಟೆ ಏನಾಗುತ್ತದೆ ಅಂತ ನಿನಗೆ ಮುಂದೆ ತಿಳಿಯುತ್ತದೆ, ನಿನಗೂ ಗಂಡು ಮಗ ಇದ್ದಾನೆ.

ಅವನು ಹೇಳಿದ ಮಾತು ಕೇಳಿ ನನ್ನ ತಲೆ ಕಾಯ್ದಿದೆ. ನೀನು ಕೂಸನ್ನು ವಿಜಯಪುರದ ಯಾರೋ ಮೇಡಂಗೆ ತೋರಿಸಿದ್ದೀಯಂತೆ. ಎರಡೂವರೆ ವರ್ಷದ ಕೂಸು ಮಂದಿಯ ಜೊತೆ ಹೇಗೆ ಇರುತ್ತದೆ, ಹೇಗೆ ಬೆರೆಯುತ್ತದೆ ಅಂತ ಪರೀಕ್ಷೆ ಮಾಡುತ್ತಾರಂತೆ. ಕರೆದರೆ ತಿರುಗುವುದಿಲ್ಲ, ಎರಡು ಶಬ್ದ ಕೂಡಿಸಿ ಮಾತಾಡುವುದಿಲ್ಲ, ಬೇರೆ ಮಕ್ಕಳ ಹತ್ತಿರ ಹೋಗುವುದಿಲ್ಲ ಅಂತ ಆಕೆ ಹೇಳಿದಳಂತೆ. ಸಿದ್ದರಾಮ ಅದನ್ನೇ ಹಿಡಿದುಕೊಂಡಿದ್ದಾನೆ. ಯುಗಾದಿ ಮುಗಿದ ಮೇಲೆ ಎರಡೂ ಮನೆಯ ಹಿರಿಯರು ಟಿಕೋಟಾದಲ್ಲಿ ಕೂಡುತ್ತಾರಲ್ಲ, ಅಲ್ಲಿ ಎದ್ದು ನಿಂತು ಹೇಳುತ್ತಾನೆ: ತಾಯಿ ಲ್ಯಾಬಿನ ನೌಕರಿ ಅಂತ ಮಂದಿಯ ರಕ್ತ ಹೀರುತ್ತ ಕೂತಳು, ಕೂಸು ಕೆಟ್ಟಿತು, ಕೂಸು ನನಗೆ ಬರಬೇಕು. ನಾನೂ ಅದನ್ನೇ ಹೇಳುತ್ತೇನೆ. ಹಿರಿಯರು ನನ್ನ ಮಾತು ಮೀರುವುದಿಲ್ಲ, ನಿನಗೆ ಗೊತ್ತು.

ಎಂಟು ತಿಂಗಳ ಕೂಸಿದ್ದಾಗಿನಿಂದ ವಾರವೆಲ್ಲ ನನ್ನ ಹತ್ತಿರವೇ ಇದ್ದ. ಹೋದ ದೀಪಾವಳಿಗೆ ನೀವು ಜಲನಗರಕ್ಕೆ ಒಯ್ದಿರಿ. ನನ್ನ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಸೆರಗು ಹಿಡಿದು ಅಡ್ಡಾಡುತ್ತಿದ್ದ. ಬುಟ್ಟಿ ತಾ ಅಂದರೆ ತರುತ್ತಿದ್ದ. ತಂದು ಅಂಗೈ ಚಾಚುತ್ತಿದ್ದ, ನಾನು ಒಂದು ಒಣಗಿದ ಮಣೂಕ ಇಡುತ್ತಿದ್ದೆ, ತಿಂದು ಮತ್ತೇನು ಕೆಲಸ ಅಂತ ಮುಖ ನೋಡುತ್ತಿದ್ದ. ಅಂಥ ಕೂಸನ್ನು ಮಂದ ಅಂದ ಬಾಯಿಗೆ ಗಂಧಕದ ಹೊಗೆ ಹಾಕಬೇಕು.

ಈ ಹುಣ್ಣಿಮೆಯೊಳಗೆ ಕೂಸು ನನ್ನ ಅಂಗಳದಲ್ಲಿ ಇರಬೇಕು. ಇಲ್ಲದಿದ್ದರೆ ಕುಡಗೋಲು ಹಿಡಿದು ನಾನೇ ಬಬಲೇಶ್ವರಕ್ಕೆ ಬರುತ್ತೇನೆ. ನಿನ್ನಪ್ಪ ಅಮರಪ್ಪ ಅಡ್ಡ ಬಂದರೆ ಅವನ ಮೀಸೆಯಿಂದ ಶುರು ಮಾಡುತ್ತೇನೆ.

ನಿನ್ನ ಅತ್ತೆ,
ಅಕ್ಕನಾಗಮ್ಮ


ಬಬಲೇಶ್ವರ
೧೧ ಫೆಬ್ರುವರಿ ೨೦೨೪

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಅಪ್ಪ ಓದಿದರು. ಮೀಸೆ ಸವರಿಕೊಂಡರು.

ದೀಪಾಲಿ ಮೇಡಂ ನನ್ನ ಮಗ ಮಂದ ಅಂತ ಹೇಳಿಲ್ಲ. ಅವರು ಮಕ್ಕಳನ್ನು ನೆಲದ ಮೇಲೆ ಕೂರಿಸಿ ಆಟ ಆಡಿಸುತ್ತಾರೆ. ಕೂಸು ಯಾರ ಮುಖ ನೋಡುತ್ತದೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತದೋ ಇಲ್ಲವೋ, ಚೆಂಡು ಕೊಟ್ಟರೆ ತಿರುಗಿ ಕೊಡುತ್ತದೋ, ಪಕ್ಕದಲ್ಲಿ ಯಾರಾದರೂ ಅತ್ತರೆ ಏನು ಮಾಡುತ್ತದೆ, ಇಂಥದನ್ನು ನೋಡುತ್ತಾರೆ. ಅಂದು ಅವನ ಹೆಸರು ಹಿಡಿದು ಸಂಗು, ಸಂಗು ಅಂತ ಎಷ್ಟೋ ಸಲ ಕರೆದರು. ತಿರುಗಲಿಲ್ಲ. ಮೂಲೆಯಲ್ಲಿ ಗೋಡೆಗೆ ಅಂಟಿ ನಿಂತುಬಿಟ್ಟ. ಅವನನ್ನು ಹೆಚ್ಚು ಆಡಿಸಿದವರು ಯಾರು ಅಂತ ಕೇಳಿದರು. ನಮ್ಮ ಅತ್ತೆ ಅಂದೆ. ಹಾಗಾದರೆ ಅವರನ್ನು ಒಮ್ಮೆ ಕರೆಸಿ, ಅವರ ಜೊತೆ ಇರುವಾಗ ನೋಡೋಣ ಅಂದರು.

ನೀವು ಬನ್ನಿ. ನಿಮ್ಮ ಮಗ ಬರಬಾರದು. ಯಾಕೆ ಅಂತ ನನ್ನನ್ನು ಕೇಳಬೇಡಿ, ಸಂಕ್ರಾಂತಿಯ ಹಿಂದಿನ ಸಂಜೆ ಏನಾಯಿತು ಅಂತ ಅವರನ್ನೇ ಕೇಳಿ. ನನ್ನ ಎಡಗಿವಿ ಈಗ ಕೇಳುವುದಿಲ್ಲ.

ಇಪ್ಪತ್ತೊಂಬತ್ತಕ್ಕೆ ಬೆಳಿಗ್ಗೆ ಹನ್ನೊಂದಕ್ಕೆ ಬರಲು ಹೇಳಿದ್ದಾರೆ. ವಿಳಾಸ ಹಿಂಬದಿಗೆ ಬರೆದಿದ್ದೇನೆ.

ಶೈಲಶ್ರೀ


ಘೋಣಸಗಿ
೧೭ ಫೆಬ್ರುವರಿ ೨೦೨೪

ಶೈಲಶ್ರೀ,

ಆ ಹೆಸರು ಬರೆಯುವಾಗ ನಿನ್ನ ಪೆನ್ನು ತಡವರಿಸಲಿಲ್ಲವೇನು? ನಿನ್ನ ಮಾವನ ಹೆಸರು ಅದು. ಅವರು ಸತ್ತು ಆರು ವರ್ಷವಾಯಿತು, ನನ್ನ ನಾಲಿಗೆ ಇಂದಿಗೂ ಅದನ್ನು ಹೇಳಿಲ್ಲ. ಗಂಡನ ಹೆಸರು ಹೇಳುವ ವಂಶ ನಮ್ಮದಲ್ಲ. ಕೂಸಿಗೆ ಆ ಹೆಸರಿಟ್ಟ ದಿನದಿಂದ ನಾನು ಅವನನ್ನು ಮಾಲಕ ಅಂತಲೇ ಕರೆದಿದ್ದೇನೆ. ನಮ್ಮ ಶೆಡ್ಡಿನ ಮಾಬುಬಿ, ಕೂಲಿ ಹೆಣ್ಣುಮಕ್ಕಳು, ಊರಿಗೆ ಊರೇ ಅವನನ್ನು ಮಾಲಕ ಅನ್ನುತ್ತದೆ. ನೀನು ಸೊಸೆ, ಮಾವನ ಹೆಸರು ಹೇಳಬಾರದು ಅಂತ ಯಪ್ಪಾ, ಯಪ್ಪಾ ಅಂತ ಕರೆದೆ. ಅವನಪ್ಪ ಕರೆಯುವುದು ಲೇ ಅಂತ. ಹುಟ್ಟಿದಾಗಿನಿಂದ ಕಿವಿಗೆ ಬೀಳದ ಹೆಸರನ್ನು ಅದ್ಯಾರೋ ಬಂದು ಕೂಗಿದರೆ ಕೂಸು ಯಾಕೆ ತಿರುಗಬೇಕು? ನಾನೇ ತಿರುಗುವುದಿಲ್ಲ. ಪದವಿ ಮಾಡಿದ ತಲೆಗೆ ಇಷ್ಟು ಹೊಳೆಯಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ನಿನ್ನ ಬುದ್ಧಿಯ ರಕ್ತವೂ ಬಸಿದುಹೋಗಿದೆ.

ಸಿದ್ದರಾಮನನ್ನು ಕೇಳಿದೆ. ಬಚ್ಚಲಲ್ಲಿ ಜಾರಿ ಬಿದ್ದಳು ಅಂದ. ಒಂದೆರಡು ಏಟು ಹಾಕಿರಲೂಬಹುದು, ನಾನು ಅವನನ್ನು ದೇವರು ಅಂತ ಹೇಳುವುದಿಲ್ಲ. ನಿನ್ನ ಮಾವ ನನಗೆ ಹೊಡೆಯುತ್ತಿದ್ದರು. ನಾನೂ ಒಮ್ಮೆ ಒಲೆಯ ಕೊಳ್ಳಿ ಎತ್ತಿದ್ದೆ, ಅವರ ಧೋತರ ಸುಟ್ಟಿತು. ಯಾರ ಕಿವಿಯೂ ಹೋಗಲಿಲ್ಲ. ಹೊಡೆತಕ್ಕೆ ಮನೆ ಬಿಟ್ಟು ಹೋಗುವುದಾದರೆ ಈ ಜಿಲ್ಲೆಯ ಬಸ್ಸು ಸಾಲುವುದಿಲ್ಲ.

ಇಪ್ಪತ್ತೊಂಬತ್ತಕ್ಕೆ ಬರುತ್ತೇನೆ. ನಿನಗಾಗಿ ಅಲ್ಲ. ಆ ಮೇಡಂಗೆ ನನ್ನ ಮಾಲಕ ಏನು ಅಂತ ತೋರಿಸಿ, ಆಕೆಯ ಬಾಯಿಂದಲೇ ಕೂಸು ಶಾಣ್ಯಾ ಅಂತ ಹೇಳಿಸಿ, ಅವನನ್ನು ಎತ್ತಿಕೊಂಡು ಅಲ್ಲಿಂದಲೇ ಟಿಕೋಟಾ ಬಸ್ಸು ಹತ್ತುತ್ತೇನೆ. ತಡೆದರೆ ರಸ್ತೆಯಲ್ಲಿ ನಿನ್ನ ಕೂದಲು ಹಿಡಿಯುತ್ತೇನೆ.

ಅಕ್ಕನಾಗಮ್ಮ


ಘೋಣಸಗಿ
೧ ಮಾರ್ಚ್ ೨೦೨೪

ಶೈಲಶ್ರೀ,

ನಿನ್ನೆ ನಾನು ಕೂಸನ್ನು ಎತ್ತಿಕೊಳ್ಳದೆ, ನಿನ್ನ ಜೊತೆ ಮಾತಾಡದೆ ನಿನ್ನ ಮುಂದೆ ಹಾಯ್ದು ಹೋದೆ. ನೀನು ಹೊರಗೆ ಮಂದಿ ಕೂರುವ ಬಾಕಿನ ಮೇಲೆ ಕೂತಿದ್ದೆ. ಒಳಗೆ ಏನಾಯಿತು ಅಂತ ಮೇಡಂ ನಿನಗೆ ಹೇಳಿರಬಹುದು. ಆದರೂ ನಾನು ಬರೆಯುತ್ತೇನೆ, ಯಾಕೆಂದರೆ ನಿನ್ನಿಂದ ನನಗೆ ಒಂದು ಉತ್ತರ ಬೇಕು.

ಆ ದೀಪಾಲಿ ಅನ್ನುವವಳು ಚೂಡಿದಾರ ಹಾಕಿಕೊಂಡು ನೆಲದ ಮೇಲೆ ಕೂತಿದ್ದಳು. ಸುತ್ತ ಗೊಂಬೆ, ಚೆಂಡು, ಪ್ಲಾಸ್ಟಿಕ್ಕಿನ ಒಲೆ. ಮೊದಲು ಹಳೆಯ ಹಾಗೆ ಹೆಸರು ಹಿಡಿದು ಕರೆದಳು. ಕೂಸು ಕಲ್ಲು. ನಾನು ಮೂಲೆಯಿಂದ ಏ ಮಾಲಕಾ ಅಂದೆ. ಕೈಯಲ್ಲಿದ್ದದ್ದು ಬಿಸಾಕಿ ಓಡಿ ಬಂದು ನನ್ನ ತೊಡೆಯ ಮೇಲೆ ಬಿದ್ದ. ಆ ಹುಡುಗಿ ನಕ್ಕಳು, ಮೊದಲು ಬರೆದದ್ದನ್ನು ಹೊಡೆದುಹಾಕಿದಳು. ಆಮೇಲೆ ನೋಡಬೇಕಿತ್ತು ನೀನು. ಚೆಂಡು ಕೊಟ್ಟರೆ ಕೊಟ್ಟ. ಗೊಂಬೆಗೆ ಅನ್ನ ತಿನ್ನಿಸಿದ. ಫ್ಯಾನಿಗೆ ಬೆರಳು ಮಾಡಿ ನನ್ನ ಮುಖ ನೋಡಿದ, ನೀನೂ ನೋಡು ಅನ್ನುವ ಹಾಗೆ. ಹಾಗೆ ಬೆರಳು ಮಾಡಿ ಇನ್ನೊಬ್ಬರ ಮುಖ ನೋಡುವುದು ಭಾಳ ದೊಡ್ಡ ಮಾತು ಅಂತ ಆಕೆ ಹೇಳಿದಳು. ನಾನು ಆಕೆಗೆ ಸಾಕಷ್ಟು ಬೈದೆ. ಹೆಸರು ತಿಳಿದುಕೊಳ್ಳದೆ ಪರೀಕ್ಷೆ ಮಾಡುವ ನಿನ್ನನ್ನು ಮತ್ತೆ ಒಂದನೆಯ ಇಯತ್ತೆಗೆ ಕೂರಿಸಬೇಕು ಅಂದೆ. ಮಾಲಕ ನನ್ನನ್ನು ಕರೆಯುವ ಹಾಗೆಯೇ ಆಕೆಯೂ ನಕ್ಕೊಂತ ಹೌದ್ರಿ ಆಯಿ ಅಂದಳು.

ಆಮೇಲೆ ಆಕೆ ಆಟಿಕೆಯ ಪೆಟ್ಟಿಗೆಗೆ ಬೆರಳು ಸಿಕ್ಕಿದ ಹಾಗೆ ಮಾಡಿ ಮುಖ ಮುಚ್ಚಿಕೊಂಡು ಅತ್ತಳು. ಸುಳ್ಳು ಅಳು. ಕೂಸು ಏನು ಮಾಡುತ್ತದೆ ಅಂತ ನೋಡಲಿಕ್ಕೆ.

ಮಾಲಕ ಎದ್ದ. ಆಕೆಯನ್ನು ಒಮ್ಮೆ ನೋಡಿದ. ನೇರ ಬಾಗಿಲಿಗೆ ಹೋದ. ಕದ ಅರ್ಧ ತೆರೆದಿತ್ತು, ಅದರಾಚೆ ಬಾಕಿನ ಮೇಲೆ ನೀನು ಕಾಣುತ್ತಿದ್ದೆ. ಎರಡೂ ಕೈಯಿಂದ ದೂಡಿ, ನಿನ್ನ ಮುಖದ ಮೇಲೆಯೇ ಕದ ಮುಚ್ಚಿದ. ಬೆನ್ನು ಕೊಟ್ಟು ಒತ್ತಿ ಗಟ್ಟಿಯಾಯಿತೋ ಇಲ್ಲವೋ ನೋಡಿದ. ಆಮೇಲೆ ನನ್ನ ಹತ್ತಿರ ಬಂದು ಅಂಗೈ ಚಾಚಿದ. ಮುಖದ ತುಂಬ ನಗು.

ಆ ಹುಡುಗಿಯ ಸುಳ್ಳು ಅಳು ಅಲ್ಲಿಯೇ ನಿಂತಿತು. ಮುಖದಿಂದ ಕೈ ತೆಗೆದು ಹೇಳಿದಳು:

"ಆಯಿ, ಕೂಸಿಗೆ ಏನೂ ಆಗಿಲ್ರಿ. ಮಂದಿ ನೋಡಿ ಛಲೋ ಕಲಿತಾನ. ಏನ ನೋಡಿ ಕಲಿತಾನ ಅನ್ನೂದನ್ನ ಮನಿಯವರ ಹೇಳಬೇಕು."

ನಾನು ಪೆಟ್ಟಿಗೆ ಒದ್ದು ಎದ್ದು ಬಂದೆ.

ಈಗ ಹೇಳು. ಅವನಿಗೆ ಅದನ್ನು ಯಾರು ಕಲಿಸಿದರು? ಸುಳ್ಳು ಹೇಳಿದರೆ ನಾಲಿಗೆ ಕೀಳುತ್ತೇನೆ. ಖರೆ ಹೇಳಿದರೆ ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ.

ಅಕ್ಕನಾಗಮ್ಮ


ಬಬಲೇಶ್ವರ
೬ ಮಾರ್ಚ್ ೨೦೨೪

ಅತ್ತೆಯವರಿಗೆ,

ಕದ ಮುಚ್ಚಿದ್ದನ್ನು ಹೊರಗಿನಿಂದ ನಾನೂ ನೋಡಿದೆ. ಒಳಗೆ ಯಾರೋ ಅತ್ತಿರಬೇಕು ಅಂತ ನನಗೆ ಆಗಲೇ ತಿಳಿಯಿತು.

ಜಲನಗರದಲ್ಲಿ ಮನೆಗಳು ಒಂದಕ್ಕೊಂದು ಹತ್ತಿ ಇವೆ. ಎದುರಿಗೆ ಮಾಸ್ತರರ ಮನೆ, ಪಕ್ಕದಲ್ಲಿ ಬ್ಯಾಂಕಿನವರು. ನಿಮ್ಮ ಮಗ ಮೊದಮೊದಲು ಹೊಡೆಯುವಾಗ ತಾವೇ ಎದ್ದು ಹೋಗಿ ಕದ ಹಾಕಿ ಬರುತ್ತಿದ್ದರು. ಅಷ್ಟರಲ್ಲಿ ನಾನು ಅಡುಗೆಮನೆಗೆ ಸೇರಿ ಚಿಲಕ ಹಾಕಿಕೊಳ್ಳುತ್ತಿದ್ದೆ. ಅದಕ್ಕೆ ಆಮೇಲೆ ಒಂದು ಕೈಯಲ್ಲಿ ನನ್ನ ಹೆರಳು ಹಿಡಿದುಕೊಂಡೇ ಮಗನಿಗೆ ಹೇಳತೊಡಗಿದರು. ನೀವು ಕರೆಯುವ ಹಾಗೆಯೇ ಕರೆದು ಹೇಳುತ್ತಿದ್ದರು.

"ಮಾಲಕರ, ಕದ ಹಾಕಿ ಬರ್ರಿ."

ಅವನು ಓಡಿ ಹೋಗಿ ಹಾಕಿ ಬರುತ್ತಿದ್ದ. ನೀವು ಕಳಿಸಿದ ಮಣೂಕದ ಡಬ್ಬಿ ಕಪಾಟಿನ ಮೇಲೆ ಇತ್ತು. ಒಂದು ಕೊಡುತ್ತಿದ್ದರು, ಶಾಣ್ಯಾ ಅನ್ನುತ್ತಿದ್ದರು. ಅವನು ಅದನ್ನು ಚೀಪುತ್ತ ನೆಲದ ಮೇಲೆ ಕೂತು ನೋಡುತ್ತಿದ್ದ. ನಾನು ಅತ್ತರೆ ಅವನು ಅಳುತ್ತಿರಲಿಲ್ಲ. ನನ್ನ ಅಳು ಅವನಿಗೆ ಕೆಲಸದ ಗಂಟೆ ಆಗಿತ್ತು.

ಬೆಲ್ಟು, ಕುಕ್ಕರಿನ ಮುಚ್ಚಳ, ಚಾರ್ಜರಿನ ವೈರು. ಯಾವುದರಿಂದ ಎಲ್ಲಿ ಅಂತ ನಾನು ನಿಮಗೆ ಬರೆಯುವುದಿಲ್ಲ. ಸಂಕ್ರಾಂತಿಯ ಹಿಂದಿನ ಸಂಜೆ ಎಳ್ಳು ಹೋಳಿಗೆಯ ಹೂರಣ ಸೀದುಹೋಯಿತು. ಅವರು ನನ್ನ ತಲೆಯನ್ನು ಗೋಡೆಗೆ ಅಪ್ಪಳಿಸಿದರು. ಕಿವಿಯಲ್ಲಿ ರಕ್ತ ಬಂತು. ಆದರೆ ನಾನು ಮನೆ ಬಿಟ್ಟದ್ದು ಕಿವಿಗಾಗಿ ಅಲ್ಲ. ಅಂದು ಅವರು ಎದ್ದು ನಿಂತದ್ದೇ ತಡ, ಇನ್ನೂ ಕೈ ಎತ್ತಿರಲಿಲ್ಲ, ಏನೂ ಹೇಳಿರಲಿಲ್ಲ. ಮಗ ತಾನಾಗಿಯೇ ಹೋಗಿ ಕದ ಹಾಕಿ ಬಂದ.

ಇದನ್ನು ನಾನು ಮೇಡಂಗೂ ಹೇಳಿರಲಿಲ್ಲ. ಅವನು ತೋರಿಸಿಕೊಟ್ಟ.

ಶೈಲಶ್ರೀ


ಘೋಣಸಗಿ
೧೫ ಮಾರ್ಚ್ ೨೦೨೪

ಶೈಲಶ್ರೀ,

ಟಪಾಲಿಗೆ ಹಾಕಿದರೆ ತಡವಾಗುತ್ತದೆ ಅಂತ ಮಾಬುಬಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳಿಗೆ ಉಣ್ಣಲಿಕ್ಕೆ ಹಾಕು.

ಮೊನ್ನೆ ಜಲನಗರಕ್ಕೆ ಹೋಗಿದ್ದೆ. ನಿನ್ನ ಮಾತು ಸುಳ್ಳಾಗಲಿ ಅಂತ ದಾರಿಯುದ್ದಕ್ಕೂ ಬೇಡಿಕೊಂಡೆ. ಸಿದ್ದರಾಮ ಟಿವಿ ನೋಡುತ್ತಿದ್ದ. ಕೂಸಿನ ಕಡೆಯಿಂದ ಕದ ಹಾಕಿಸಿದಿಯೇನಲೇ ಅಂತ ಕೇಳಿದೆ. ಇಲ್ಲ ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು ಟಿವಿಯಿಂದ ಕಣ್ಣು ಸಹ ತೆಗೆಯಲಿಲ್ಲ.

"ಮತ್ತೇನ ಬೇ, ಓಣಿಗೆಲ್ಲ ಕೇಳಿಸಬೇಕಾಗಿತ್ತೇನ? ಕೂಸಿಗೇನ ತಿಳೀತೈತಿ."

ಅಡುಗೆ ಕಟ್ಟೆಯ ಮೇಲೆ ಲಟ್ಟಣಿಗೆ ಇತ್ತು. ತಂದು ಅವನ ಬೆನ್ನಿಗೆ ಬಾರಿಸಿದೆ. ಎರಡನೆಯದಕ್ಕೆ ಅವನು ಲಟ್ಟಣಿಗೆ ಕಸಿದುಕೊಂಡ. ಕಸಿದುಕೊಂಡು, ಎದ್ದು ಹೋಗಿ, ಕದ ಹಾಕಿ ಬಂದ. ಅವಸರವಿಲ್ಲದೆ, ಸಂಜೆ ಸೊಳ್ಳೆ ಬರುತ್ತವೆ ಅಂತ ಹಾಕುತ್ತಾರಲ್ಲ, ಹಾಗೆ. ಆಮೇಲೆ ನನ್ನನ್ನು ಹೊಡೆದ. ನನ್ನ ಮುಂದಿನ ಎರಡು ಹಲ್ಲು ಕಟ್ಟೆಯ ಕಲ್ಲಿಗೆ ಹೋದವು. ಹುಬ್ಬಿಗೆ ಹೊಲಿಗೆ ಬಿದ್ದಿವೆ. ಅವನನ್ನು ಹೆತ್ತಾಗ ನನಗೆ ಇಷ್ಟು ನೋವಾಗಿರಲಿಲ್ಲ.

ಊರಿಗೆ ಬಂದಾಗ ಮಾಬುಬಿ ಕೇಳಿದಳು. ಮಗ ಹೊಡೆದ ಅಂದೆ. ನಂಬಲಿಲ್ಲ. ಅಕ್ಕಾವ್ರ, ಬಸ್ಸಿನಿಂದ ಬಿದ್ದೀರೇನು ಅಂದಳು. ಇಲ್ಲ ಮಗ ಹೊಡೆದ ಅಂತ ಮತ್ತೆ ಹೇಳಿದೆ. ಶೆಡ್ಡಿನ ಎಲ್ಲ ಹೆಣ್ಣುಮಕ್ಕಳನ್ನೂ ಕರೆದು ಹೇಳಿದೆ. ಒಬ್ಬೊಬ್ಬರೇ ಕೆಲಸಕ್ಕೆ ತಿರುಗಿಕೊಂಡರು. ಈ ಊರಲ್ಲಿ ಯಾರಿಗೂ ಅದು ಕೇಳಬೇಕಾದ ಮಾತಲ್ಲ.

ಮುಖ್ಯ ಮಾತು ಇದು. ನಾನು ನೆಲದ ಮೇಲೆ ಬಿದ್ದಿದ್ದಾಗ ಅವನು ಹೇಳಿದ, ಹಿರಿಯರು ಕೂಡುವ ಮೊದಲು ಕೂಸು ನನ್ನ ಹತ್ತಿರ ಇರತೈತಿ, ಕೂಸು ಯಾರ ಮನಿಯಾಗ ಐತೋ ನ್ಯಾಯ ಅವರ ಕಡೆ. ಗಾಡಿ ಮಾಡಿಕೊಂಡು ಬರುತ್ತಾನೆ. ನಿನ್ನಪ್ಪನಿಗೆ ವಯಸ್ಸಾಗಿದೆ, ಮೀಸೆ ಒಂದೇ ಗಟ್ಟಿ.

ನಾಳೆ ನಾನು ಬಬಲೇಶ್ವರಕ್ಕೆ ಬರುತ್ತೇನೆ. ನಿಮ್ಮ ಪಡಸಾಲೆಯಲ್ಲಿ ಮಲಗುತ್ತೇನೆ. ನನ್ನ ರೊಟ್ಟಿ ನಾನೇ ಬಡಿದುಕೊಳ್ಳುತ್ತೇನೆ. ನೀನು ನನ್ನ ಜೊತೆ ಮಾತಾಡುವುದು ಬೇಡ.

ಅಕ್ಕನಾಗಮ್ಮ


ಘೋಣಸಗಿ
೬ ಏಪ್ರಿಲ್ ೨೦೨೪

ಶೈಲಶ್ರೀ,

ಸಿದ್ದರಾಮ ಗಾಡಿ ತಂದ ದಿನ ನೀನೂ ನಿನ್ನಪ್ಪನೂ ನಿನ್ನ ಕಿವಿ ತೋರಿಸಲು ವಿಜಯಪುರಕ್ಕೆ ಹೋಗಿದ್ದಿರಿ. ನೀವು ಬರುವಷ್ಟರಲ್ಲಿ ನನ್ನನ್ನು ಪೊಲೀಸರು ಕರೆದುಕೊಂಡು ಹೋಗಿದ್ದರು. ಬಬಲೇಶ್ವರದ ಜನ ನೂರು ತರಹ ಹೇಳಿರಬೇಕು. ಮಾಡಿದವಳು ನಾನು, ನಾನೇ ಬರೆಯುತ್ತೇನೆ.

ಮಧ್ಯಾಹ್ನದ ಬಿಸಿಲು. ನಿನ್ನವ್ವ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಒಲೆಯ ಮುಂದೆ. ಮಾಲಕ ಅಂಗಳದಲ್ಲಿ ತಂಬಿಗೆಗೆ ಮಣ್ಣು ತುಂಬುತ್ತಿದ್ದ. ಬಿಳಿ ಕಾರು ಬಂತು. ಸಿದ್ದರಾಮನ ಜೊತೆ ಇಬ್ಬರು ಗಂಡಸರು, ನನಗೆ ಗುರುತಿಲ್ಲ. ಕೂಸು ಅಪ್ಪನನ್ನು ನೋಡಿ ನಕ್ಕಿತು. ಅದನ್ನು ನಾನು ನೋಡಿದೆ, ಬರೆಯದೆ ಬಿಡುವುದಿಲ್ಲ. ನಕ್ಕು ಕೈ ಚಾಚಿತು. ಅವನು ಎಡಗೈಯಲ್ಲಿ ಎತ್ತಿಕೊಂಡ.

ನನ್ನ ಕೈಯಲ್ಲಿ ಊದುಗೊಳವೆ ಇತ್ತು. ನಿಮ್ಮದು ಹಳೆಯ ಕಾಲದ್ದು, ಕಬ್ಬಿಣದ್ದು. ಹೊರಗೆ ಬಂದು ಕೂಸು ಕೆಳಗಿಡು ಅಂದೆ. ಹಾದಿ ಬಿಡ ಬೇ ಅಂದ. ಮತ್ತೊಮ್ಮೆ ಹೇಳಿದೆ. ಬಲಗೈಯಿಂದ ನನ್ನನ್ನು ದೂಡಲು ಬಂದ. ಆ ಕೈಯ ಮೊಣಕೈಗೆ ಹೊಡೆದೆ. ಒಣಗಿದ ದ್ರಾಕ್ಷಿ ಬಳ್ಳಿ ಮುರಿದ ಸಪ್ಪಳ ಬಂತು. ಆದರೂ ಕೂಸನ್ನು ಬಿಡಲಿಲ್ಲ. ಮೊಣಕಾಲಿಗೆ ಹೊಡೆದೆ. ಅವನು ಕುಸಿದು ಕೂತ, ಕೂಸು ಜಾರಿ ನೆಲಕ್ಕೆ ಬಂತು. ಆ ಇಬ್ಬರು ಗಂಡಸರು ಆಗಲೇ ಕಾರಿನಲ್ಲಿ ಕೂತಿದ್ದರು, ಹೋಗಿಬಿಟ್ಟರು.

ಮೂರನೆಯದು ಬೇಕಿರಲಿಲ್ಲ. ತಲೆಗೆ ಹೊಡೆದೆ.

ರಕ್ತ ಕೂಸಿನ ಅಂಗಿಯ ಮೇಲೆ ಸಿಡಿಯಿತು. ಕೂಸು ಅಳಲಿಲ್ಲ. ಒಮ್ಮೆ ಅಪ್ಪನನ್ನು, ಒಮ್ಮೆ ನನ್ನ ಕೈಯಲ್ಲಿದ್ದ ಕೊಳವೆಯನ್ನು ನೋಡುತ್ತ ನಿಂತಿತ್ತು. ಅಂಗಿ ಬಿಚ್ಚಿ ನಾನೇ ಒಗೆದೆ, ಪೂರ್ತಿ ಹೋಗಲಿಲ್ಲ.

ಠಾಣೆಯಲ್ಲಿ ಸಾಹೇಬ ಕೇಳಿದ, ಹೊಡೆಸಿಕೊಂಡವ ಯಾರು. ನನ್ನ ಮಗ ಅಂದೆ. ಹೊಡೆದವರು ಯಾರು. ನಾನು ಅಂದೆ. ಪೆನ್ನು ಕೆಳಗಿಟ್ಟು, ಅಜ್ಜಿ, ನೀವು ಯಾರ ಕಡೆಯವರು ಅಂತ ಕೇಳಿದ. ವಯಸ್ಸು ನೋಡಿ ಸಂಜೆಗೆ ಬಿಟ್ಟ. ಸಿದ್ದರಾಮ ಬದುಕಿದ, ದವಾಖಾನೆಯಲ್ಲಿದ್ದಾನೆ. ಕೇಸು ನಡೆಯುತ್ತದೆ. ನಡೆಯಲಿ.

ನಿನ್ನಪ್ಪ ಠಾಣೆಗೆ ಬಂದು, ನಮ್ಮ ಅಂಗಳದಾಗ ರಕ್ತ ಬಿತ್ತು, ಈಗ ನೀವು ಊರಿಗೆ ಹೋಗ್ರಿ ಬೀಗತೆವ್ವ ಅಂದ. ಬಂದೆ. ಟಿಕೋಟಾದಲ್ಲಿ ಹಿರಿಯರ ಮುಂದೆ ಏನು ಹೇಳಬೇಕೋ ಹೇಳುತ್ತೇನೆ. ಅದಾದ ಮೇಲೆ ಮಾಲಕನನ್ನು ನೋಡಲು ಬರುತ್ತೇನೆ.

ಅಕ್ಕನಾಗಮ್ಮ


ಬಬಲೇಶ್ವರ
೧೯ ಮೇ ೨೦೨೪

ಅತ್ತೆಯವರಿಗೆ ನಮಸ್ಕಾರ.

ಇಷ್ಟು ದಿನ ಬರೆಯದೆ ಇದ್ದದ್ದು ಮರೆತದ್ದಕ್ಕಲ್ಲ. ಟಿಕೋಟಾದಲ್ಲಿ ನೀವು ಸೆರಗು ಸರಿಸಿ ಹುಬ್ಬಿನ ಹೊಲಿಗೆ ತೋರಿಸಿ ಮಾತಾಡಿದ್ದನ್ನು ಅಪ್ಪ ಬಂದು ಹೇಳಿದರು. ಗಂಡಸರು ಯಾರೂ ತಲೆ ಎತ್ತಲಿಲ್ಲವಂತೆ. ಕೂಸು ತಾಯಿಯ ಹತ್ತಿರ ಇರಲಿ ಅಂತ ಆಯಿತು. ನಿಮ್ಮ ಮಗನ ಮೇಲೆ ನಾನು ಕೊಟ್ಟ ದೂರೂ ಕೋರ್ಟಿಗೆ ಹೋಗಿದೆ. ಕೈಗೆ ರಾಡು ಹಾಕಿದ್ದಾರಂತೆ. ಈ ಕಡೆ ಬಂದಿಲ್ಲ. ನೀವು ಇಲ್ಲದಿದ್ದರೆ ನನ್ನ ಮಗ ಇಂದು ನನ್ನ ಹತ್ತಿರ ಇರುತ್ತಿರಲಿಲ್ಲ. ಇದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಆದರೂ ನೀವು ಬರಬೇಡಿ.

ಹೋದ ವಾರ ಅವನನ್ನು ಮೇಡಂ ಹತ್ತಿರ ಕರೆದುಕೊಂಡು ಹೋಗಿದ್ದೆ. ಈಗ ಅವನು ಬೇರೆ ಮಕ್ಕಳ ಹತ್ತಿರ ಹೋಗುತ್ತಾನೆ. ಅಲ್ಲಿ ಇನ್ನೊಬ್ಬ ಹುಡುಗ ಇವನ ಚೆಂಡು ಕಸಿದುಕೊಂಡ. ಎರಡು ಶಬ್ದ ಕೂಡಿಸಿ ಯಾವಾಗ ಮಾತಾಡುತ್ತಾನೆ ಅಂತ ಮೇಡಂ ಜನವರಿಯಿಂದ ಕಾಯುತ್ತಿದ್ದರು, ನಾನೂ ಕಾಯುತ್ತಿದ್ದೆ. ಅವನು ಆ ಹುಡುಗನ ತಲೆಗೆ ಬೆರಳು ಮಾಡಿ, ನನ್ನ ಮುಖ ನೋಡಿ, ಸ್ಪಷ್ಟವಾಗಿ ಹೇಳಿದ:

"ಆಯಿ ಹೊಡಿ."

ಮನೆಯಲ್ಲಿ ಗೊಂಬೆಗೆ ಸೌಟಿನಿಂದ ಹೊಡೆಯುತ್ತಾನೆ. ಮೊದಲು ಕೈಗೆ, ಆಮೇಲೆ ಕಾಲಿಗೆ, ಆಮೇಲೆ ತಲೆಗೆ. ನೀವು ಬರೆದ ಪತ್ರದಲ್ಲಿ ಇದ್ದ ಹಾಗೆಯೇ. ಬೀದಿಯಲ್ಲಿ ಕಾರಿನ ಸಪ್ಪಳ ಕೇಳಿದರೆ ಮಂಚದ ಕೆಳಗೆ ಹೋಗುತ್ತಾನೆ. ಎಳೆದು ತೆಗೆಯಲು ಹೋದರೆ ಕಚ್ಚುತ್ತಾನೆ.

ಅವನು ನೋಡಿದ್ದನ್ನು ಕಲಿಯುತ್ತಾನೆ ಅಂತ ನಿಮಗೇ ಮೇಡಂ ಹೇಳಿದ್ದರು. ಸದ್ಯ ಅವನು ಅಪ್ಪನನ್ನೂ ನೋಡುವುದು ಬೇಡ, ನಿಮ್ಮನ್ನೂ ನೋಡುವುದು ಬೇಡ.

ಶೈಲಶ್ರೀ


ಘೋಣಸಗಿ
೨೬ ಮೇ ೨೦೨೪

ಶೈಲಶ್ರೀ,

ನಿನ್ನ ಸಲುವಾಗಿ ನಾನು ಹೆತ್ತ ಮಗನ ಎಲುಬು ಮುರಿದೆ. ನಿನ್ನ ಸಲುವಾಗಿ ಊರ ಮುಂದೆ ನನ್ನ ಮನೆತನವನ್ನು ಬೆತ್ತಲೆ ಮಾಡಿದೆ. ಅವನು ಈಗ ಎಡಗೈಯಲ್ಲಿ ಅನ್ನ ತಿನ್ನುತ್ತಾನೆ, ನನ್ನ ಹೆಸರು ಹೇಳಿದರೆ ಉಗುಳುತ್ತಾನಂತೆ. ನೀನು ನನಗೆ ಕೊಟ್ಟ ಬಹುಮಾನ ಇದು. ಅವನನ್ನೂ ನನ್ನನ್ನೂ ಒಂದೇ ಸಾಲಿನಲ್ಲಿ ಬರೆದಿದ್ದೀಯ.

ನಾನು ಹೊಡೆಯದಿದ್ದರೆ ಯಾರು ಹೊಡೆಯುತ್ತಿದ್ದರು, ನಿನ್ನಪ್ಪನ ಮೀಸೆಯೇ? ಆ ದೀಪಾಲಿಯ ಪ್ಲಾಸ್ಟಿಕ್ ಒಲೆಯೇ?

ಪತ್ರ ಹರಿದು ಒಲೆಗೆ ಹಾಕಿದೆ. ಈ ಸಿಟ್ಟಿಗೆ ಶೆಡ್ಡಿನಲ್ಲಿ ಒಬ್ಬಳ ಮೇಲೆ ಬುಟ್ಟಿ ಎಸೆದೆ, ಅವಳು ಕೆಲಸ ಬಿಟ್ಟು ಹೋದಳು. ನಾಳೆ ಆ ಮೇಡಂ ಹತ್ತಿರ ಹೋಗಿ ಆಕೆಯ ದವಾಖಾನೆಯ ಗಾಜು ಒಡೆದು ಬರುತ್ತೇನೆ.

ಅಕ್ಕನಾಗಮ್ಮ


ಘೋಣಸಗಿ
೧೬ ಜೂನ್ ೨೦೨೪

ಶೈಲಶ್ರೀ,

ಗಾಜು ಒಡೆಯಲಿಲ್ಲ. ಒಡೆಯಲಿಕ್ಕೇ ಹೋಗಿದ್ದೆ.

ಬಾಗಿಲಲ್ಲೇ ನಿಂತು ಬೈಯಲು ಶುರು ಮಾಡಿದೆ. ಆ ಹುಡುಗಿ ಕುರ್ಚಿ ಎಳೆದು ನನ್ನ ಎದುರಿಗೆ ಕೂತಳು. ಆಕೆಯ ತಾಯಿಯನ್ನು ಬೈದೆ, ಆಕೆ ಓದಿದ ಸಾಲಿಯನ್ನು ಬೈದೆ, ನಿನ್ನನ್ನು ಬೈದೆ. ಆಕೆ ಹಿಂದೆ ಸರಿಯಲಿಲ್ಲ, ಎದುರು ಮಾತೂ ಆಡಲಿಲ್ಲ. ನನ್ನ ಬೈಗುಳ ತೀರಿದವು. ಹಾಗೆ ತೀರುತ್ತವೆ ಅಂತ ನನಗೆ ಈ ಅರವತ್ತೇಳರವರೆಗೂ ಗೊತ್ತಿರಲಿಲ್ಲ. ನಾನು ಬೈದರೆ ಎದುರಿನವರು ಓಡುತ್ತಾರೆ, ಇಲ್ಲ ಹೊಡೆಯುತ್ತಾರೆ, ಇಲ್ಲ ನಾನು ಹೊಡೆಯುತ್ತೇನೆ. ಕೊನೆಯವರೆಗೆ ಯಾರೂ ಕೂತಿರಲಿಲ್ಲ.

ನೀರು ಕೊಟ್ಟಳು. ಆಮೇಲೆ ಹೇಳಿದಳು. ಮಾಲಕ ಇಲ್ಲಿಯವರೆಗೆ ನೋಡಿದ ಮನುಷ್ಯರು ಎರಡೇ ತರಹ, ಸಿಟ್ಟು ಬಂದು ಹೊಡೆಯುವವರು, ಹೊಡೆಸಿಕೊಂಡು ಅಳುವವರು. ಸಿಟ್ಟು ಬಂದೂ ಹೊಡೆಯದವರನ್ನು ಅವನು ನೋಡಿಲ್ಲ. ಆಯಿ ಇಷ್ಟು ಸಿಟ್ಟಿನವರು, ಅವನಿಗೆ ಅದನ್ನು ಆಯಿ ತೋರಿಸಿದರೆ ಬೇರೆ ಯಾರು ತೋರಿಸಿದ್ದಕ್ಕಿಂತ ಹೆಚ್ಚು ತಟ್ಟುತ್ತದೆ, ಅಂದಳು. ತಾಯಿ ಒಪ್ಪಿದರೆ ಮಾತ್ರ. ಇಲ್ಲಿ, ತನ್ನ ಕಣ್ಣ ಮುಂದೆ, ತಾಯಿಯೂ ಕೂತಿರಬೇಕು. ಅವನು ನಿಮ್ಮನ್ನು ಕಚ್ಚಬಹುದು, ಸೌಟು ತಂದು ನಿಮ್ಮ ಕೈಗೆ ಕೊಟ್ಟು ಯಾರನ್ನಾದರೂ ತೋರಿಸಬಹುದು, ಬಂದು ಎದೆಗೆ ಒದೆಯಬಹುದು. ನೀವು ಎಷ್ಟು ಸಿಟ್ಟಾದರೂ ಆಗಿ, ಕೈ ಎತ್ತಬಾರದು. ಒಂದು ಸಲ ಎತ್ತಿದರೆ ಮುಗಿಯಿತು, ಆಮೇಲೆ ಕರೆಯುವುದಿಲ್ಲ.

ಅಂದರೆ ಪರೀಕ್ಷೆ ಈಗ ನನಗೆ. ಮಾಡುವವನು ಅವನು.

ನಾನು ಆಗುವುದಿಲ್ಲ ಅಂತ ಹೇಳಿ ಎದ್ದು ಬಂದೆ. ಬಂದು ಇಪ್ಪತ್ತು ದಿನ ಆಯಿತು. ಬೆಳಗಾದರೆ ಮಾಲಕ ಈಗ ಏನು ಮಾಡುತ್ತಿರಬಹುದು ಅನ್ನುವುದೊಂದೇ. ಮಗ ಹೋದ. ಈ ಕೂಸೂ ಹೋದರೆ ನಾನು ಯಾರ ಹತ್ತಿರ ಬದುಕಲಿ, ಇಷ್ಟು ಬಿಸಿಲನ್ನು ಯಾರಿಗಾಗಿ ತಾಳಲಿ? ಇದನ್ನು ನಾನು ಬೇಡಿಕೊಳ್ಳುವ ಹಾಗೆ ಬರೆಯುತ್ತಿಲ್ಲ. ಬೇಡಿಕೊಳ್ಳುವುದು ನನಗೆ ಬರುವುದಿಲ್ಲ.

ನಿನ್ನೆ ಮಾಬುಬಿ ಒಂದು ತಟ್ಟೆ ಮಣೂಕ ಮಣ್ಣಿಗೆ ಚೆಲ್ಲಿದಳು. ನನಗೆ ಬೆಂಕಿ ಹತ್ತಿತು. ಸುಮ್ಮನೆ ನಿಂತು ನೋಡೋಣ ಅಂತ ನಿಂತೆ. ಹಲ್ಲು ಕಚ್ಚಿದೆ, ಇರುವ ಹಲ್ಲು. ಉಸಿರು ಬಿಟ್ಟೆ. ಬಾಯಿ ಹೇಗೋ ಮುಚ್ಚಿತು. ಆದರೆ ಈ ಕೈಗಳು ಇವೆಯಲ್ಲ, ಇವು ತಾವಾಗಿಯೇ ಏಳುತ್ತವೆ. ಸೆರಗಿನಲ್ಲಿ ಸುತ್ತಿದೆ, ಬಗಲಲ್ಲಿ ಇಟ್ಟೆ, ಕಂಬ ಹಿಡಿದೆ. ಮಾಬುಬಿ ಹೆದರಿ ಓಡಿದಳು, ನನಗೆ ಏನೋ ಆಗಿದೆ ಅಂತ.

ಒಪ್ಪುವುದು ಬಿಡುವುದು ನಿನ್ನದು. ಒಪ್ಪಿದರೆ ಒಂದು ಮಾತು ತಿಳಿಸು. ಸಿಟ್ಟು ಬಂದಾಗ ಕೈ ಎಲ್ಲಿಡಬೇಕು?

ಅಕ್ಕನಾಗಮ್ಮ


ಬಬಲೇಶ್ವರ
೨೧ ಜೂನ್ ೨೦೨೪

ಅತ್ತೀ,

ನನಗೂ ಗೊತ್ತಿಲ್ಲ. ಮೊನ್ನೆ ಅವನು ಹಾಲು ಚೆಲ್ಲಿದಾಗ ನಾನೇ ಅವನ ಕೆನ್ನೆಗೆ ಹೊಡೆದೆ. ಬೆರಳು ಮೂಡಿದವು. ಮೇಡಂಗೆ ಇನ್ನೂ ಹೇಳಿಲ್ಲ, ಒಬ್ಬಳೇ ಹೇಳುವ ಧೈರ್ಯ ಆಗುತ್ತಿಲ್ಲ.

ಬರುವ ಗುರುವಾರ ಹನ್ನೊಂದಕ್ಕೆ ಬನ್ನಿ. ಇಬ್ಬರೂ ಕೂಡಿಯೇ ಕೇಳೋಣ.

ಶೈಲಶ್ರೀ